ಬೀಜರಕ್ಷಣೆಯೂ ಶ್ರಾವಕಧರ್ಮವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)

  

ಪ್ರತಿಷ್ಠೆಯ ಮಂಗಲವಿಧಿಗಳಲ್ಲಿ ಮೊದಮೊದಲಿಗೆ ಬರುವುದು ಅಂಕುರಾರ್ಪಣೆ. ಪಾಲಿಕೆಗಳಲ್ಲಿ ಶುದ್ಧವಾದ ಮೃತ್ತಿಕೆಯನ್ನು ತುಂಬಿ, ಧಾನ್ಯಗಳನ್ನು ಬಿತ್ತಿ, ನೀರೆರೆದು, ಮೊಳಕೆಗಳು ಸೊಂಪಾಗಿ ಎದ್ದರೆ ಕಾರ್ಯವು ನಿರ್ವಿಘ್ನವಾಗುವುದೆಂದು ನಾವು ಸಂತೋಷಪಡುತ್ತೇವೆ. ಬಿಂಬದ ಪ್ರತಿಷ್ಠೆಗೆ ಮೊದಲು ಬೀಜದ ಪ್ರತಿಷ್ಠೆ ನಡೆಯುತ್ತದೆ ಎಂದರೂ ತಪ್ಪಾಗದು. ಆದರೆ ಪಾಲಿಕೆಯಲ್ಲಿ ಬಿತ್ತಿದ ಆ ಭತ್ತದ ಹೆಸರೇನು, ಅದನ್ನು ಬೆಳೆದವರು ಯಾರು, ನಮ್ಮ ಅಜ್ಜಂದಿರು ಬಿತ್ತುತ್ತಿದ್ದ ಭತ್ತ ಅದೇ ಹೌದೋ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು? ಈ ಪ್ರಶ್ನೆಯನ್ನೇ ಹಿಡಿದುಕೊಂಡು ನಾನು ಇಂದು ನಾಲ್ಕು ಮಾತುಗಳನ್ನಾಡಲು ಅಪೇಕ್ಷಿಸುತ್ತೇನೆ.

ಪ್ರಥಮ ತೀರ್ಥಂಕರರಾದ ಭಗವಾನ್ ಆದಿನಾಥರ ಚರಿತೆಯು ಒಂದು ಅರ್ಥದಲ್ಲಿ ಕೃಷಿಯ ಚರಿತೆಯೂ ಹೌದು. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ಬೇಡಿದುದನ್ನು ಕೊಡುತ್ತಿದ್ದುವು. ಅವು ಕ್ಷೀಣಿಸಿದಾಗ ಪ್ರಜೆಗಳು ಹಸಿವಿನಿಂದ ಕಂಗೆಟ್ಟರು. ಆಗ ಋಷಭದೇವರು ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ಪುರಾಣಗಳು ಹೇಳುತ್ತವೆ. ಕಲ್ಪವೃಕ್ಷವು ಬೇಡಿದವನಿಗೆ ಕೊಡುತ್ತದೆ. ಬೀಜವು ದುಡಿದವನಿಗೆ, ಅದರಲ್ಲಿಯೂ ಮುಂದಿನ ವರ್ಷಕ್ಕೆಂದು ಒಂದಿಷ್ಟನ್ನು ಉಣ್ಣದೆ ಉಳಿಸಿದವನಿಗೆ ಮಾತ್ರ ಕೊಡುತ್ತದೆ. ಕರ್ಮಭೂಮಿಯ ಮೊದಲ ಸಂಯಮ ಇದೇ ಎಂದು ನಾನು ತಿಳಿಯುತ್ತೇನೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಬೀಜವು ಸಚಿತ್ತ, ವ್ರತಿಕನು ಅದನ್ನು ತುಳಿಯಲೂ ಹಿಂಜರಿಯುತ್ತಾನೆ. ಪೂಜೆಯಲ್ಲಿ ನಾವು ಅರ್ಪಿಸುವ ಅಕ್ಷತೆಯಾದರೂ ಹೊಟ್ಟು ಕಳೆದ ಅಕ್ಕಿ. ಅದು ಮತ್ತೆ ಮೊಳೆಯದು. ಪುನರ್ಜನ್ಮವಿಲ್ಲದ ಸಿದ್ಧಪದವೇ ನಮ್ಮ ಗುರಿಯೆಂದು ಅದರ ಭಾವ. ಹೀಗಿರುವಾಗ ಮೊಳೆಯುವ ಬೀಜದ ಚಿಂತೆ ಧರ್ಮಸಭೆಯಲ್ಲಿ ಏಕೆ? ಉತ್ತರವು ಆ ಆಕ್ಷೇಪಣೆಯಲ್ಲಿಯೇ ಇದೆ. ಬೀಜವು ಜೀವದ ಯೋನಿಯೆಂದು ಒಪ್ಪಿದವರಿಗೆ ಅದು ನಶಿಸಿಹೋಗುವುದನ್ನು ನೋಡಿ ಸುಮ್ಮನಿರುವುದು ಸಲ್ಲದು. ಮುನಿಗಳು ಆರಂಭವನ್ನು ತೊರೆದವರು. ಗೃಹಸ್ಥನಿಗೆ ಕೃಷಿಯ ಉದ್ಯೋಗೀ ಹಿಂಸೆ ತಪ್ಪಿದ್ದಲ್ಲ. ಆದರೆ ಅದನ್ನು ಅಲ್ಪಗೊಳಿಸುವ ಹೊಣೆ ಅವನದು. ಗದ್ದೆಯ ಮಣ್ಣಿಗೂ ಮಳೆಗೂ ಒಗ್ಗಿದ, ಔಷಧಿ ಸಿಂಪಡಿಸದೆಯೂ ಬೆಳೆಯಬಲ್ಲ ತಳಿಯು ಅಸಂಖ್ಯಾತ ಸೂಕ್ಷ್ಮಜೀವಿಗಳಿಗೆ ಅಭಯವನ್ನು ಕೊಡುವುದಿಲ್ಲವೇ?

ನಮ್ಮ ಪೂರ್ವಿಕರು ಬೀಜವನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರೆಂಬುದಕ್ಕೆ ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಒಂದು ಸೊಗಸಾದ ಪ್ರಸಂಗವುಂಟು. ಕಣಜದಲ್ಲಿ ತುಂಬಿ, ಬಾಯಿ ಮುಚ್ಚಿ, ಸಾರಿಸಿ, ಮುದ್ರೆಯೊತ್ತಿ ಇಟ್ಟ ಧಾನ್ಯದಲ್ಲಿ ಮೊಳೆಯುವ ಶಕ್ತಿ ಎಷ್ಟು ಕಾಲ ಉಳಿಯುವುದೆಂದು ಗೌತಮ ಗಣಧರರು ಕೇಳುತ್ತಾರೆ. ಭತ್ತ, ಗೋಧಿ, ಯವಗಳಿಗೆ ಹೆಚ್ಚೆಂದರೆ 3 ವರ್ಷ. ಎಳ್ಳು, ಹೆಸರು, ಉದ್ದು, ಅವರೆ, ಹುರುಳಿಗಳಿಗೆ 5 ವರ್ಷ. ಅಗಸೆ, ಕುಸುಬೆ, ಹಾರಕ, ನವಣೆ, ಸಾಸಿವೆಗಳಿಗೆ 7 ವರ್ಷ ಎಂದು ಭಗವಾನ್ ಮಹಾವೀರರ ಉತ್ತರ. ಅನಂತರ ಬೀಜವು ಅಬೀಜವಾಗುತ್ತದೆ. ಸಾಮಾನ್ಯ ಕಣಜದಲ್ಲಿಟ್ಟ ಭತ್ತವು ಕೆಲವೇ ವರ್ಷಗಳಲ್ಲಿ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದನ್ನೂ, ಕಿರುಧಾನ್ಯಗಳು ಅದಕ್ಕಿಂತ ಹೆಚ್ಚು ಕಾಲ ಬಾಳುವುದನ್ನೂ ನಮ್ಮ ರೈತರು ಇಂದಿಗೂ ಬಲ್ಲರು. ಈ ಮಾತಿನ ತಾತ್ಪರ್ಯವನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಒಂದು ಊರಿನಲ್ಲಿ ಒಂದು ಜಾತಿಯ ಭತ್ತವನ್ನು ಮೂರು ನಾಲ್ಕು ವರ್ಷ ಯಾರೂ ಬಿತ್ತದೆ ಬಿಟ್ಟರೆ ಆ ಊರಿನ ಮಟ್ಟಿಗೆ ಅದು ಮುಗಿದಂತೆಯೇ.

ಜ್ಞಾತಾಧರ್ಮಕಥಾ ಎಂಬ ಆಗಮದಲ್ಲಿರುವ ರೋಹಿಣಿಯ ಕಥೆಯನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ರಾಜಗೃಹದ ಧನ್ಯನೆಂಬ ಸಾರ್ಥವಾಹನು ತನ್ನ ನಾಲ್ವರು ಸೊಸೆಯರನ್ನು ಕರೆದು, ಬಂಧುಗಳ ಸಮ್ಮುಖದಲ್ಲಿ ಒಬ್ಬೊಬ್ಬಳಿಗೂ ಐದೈದು ಭತ್ತದ ಕಾಳುಗಳನ್ನು ಕೊಟ್ಟು, ಕೇಳಿದಾಗ ಹಿಂದಿರುಗಿಸಬೇಕೆಂದನು. ಉಜ್ಝಿಕೆಯು, ಮಾವನ ಕಣಜದಲ್ಲಿ ಬೇಕಾದಷ್ಟು ಭತ್ತವಿದೆ, ಕೇಳಿದಾಗ ಬೇರೆ ಐದನ್ನು ಕೊಟ್ಟರಾಯಿತೆಂದು ಅವನ್ನು ಎಸೆದಳು. ಭೋಗವತಿಯೂ ಹಾಗೆಯೇ ಯೋಚಿಸಿ ತಿಂದುಬಿಟ್ಟಳು. ರಕ್ಷಿಕೆಯು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟು ಕಾದಳು. ರೋಹಿಣಿಯು ತವರಿಗೆ ಕಳುಹಿಸಿ ಮಳೆಗಾಲದಲ್ಲಿ ಬಿತ್ತಿಸಿ, ಕೊಯ್ದುದನ್ನು ಮತ್ತೆ ಮತ್ತೆ ಬಿತ್ತಿಸಿದಳು. ಐದನೆಯ ವರ್ಷದಲ್ಲಿ ಮಾವನು ಕೇಳಿದಾಗ ಅದನ್ನು ತರಲು ಬಂಡಿಗಳೇ ಬೇಕಾದುವು. ಉಜ್ಝಿಕೆಯು ಕಣಜದಿಂದ ಐದು ಕಾಳು ತಂದುಕೊಟ್ಟಾಗ ಧನ್ಯನು ಕೇಳಿದ ಪ್ರಶ್ನೆ ಒಂದೇ: ನಾನು ಕೊಟ್ಟ ಕಾಳುಗಳು ಇವೇಯೋ, ಬೇರೆಯೋ? ಐದು ಕಾಳುಗಳೆಂದರೆ ಪಂಚಮಹಾವ್ರತಗಳೆಂದು ಆಗಮವು ಅರ್ಥೈಸುತ್ತದೆ. ಆ ಪರಮಾರ್ಥಕ್ಕೆ ಭಂಗವಿಲ್ಲದಂತೆ ಇಂದು ನಾನು ಕಥೆಯ ವಾಚ್ಯಾರ್ಥವನ್ನೇ ತೆಗೆದುಕೊಳ್ಳುತ್ತೇನೆ.

ನಮ್ಮ ಕಾಲದ ಭ್ರಮೆಯು ಉಜ್ಝಿಕೆಯ ಭ್ರಮೆಯೇ ಆಗಿದೆ. ಅಂಗಡಿಯಲ್ಲಿ ಅಕ್ಕಿಗೆ ಕೊರತೆಯಿಲ್ಲ, ಆದುದರಿಂದ ಬೀಜಕ್ಕೂ ಕೊರತೆಯಿಲ್ಲವೆಂದು ನಾವು ಭಾವಿಸಿದ್ದೇವೆ. ಈ ಕರಾವಳಿ ಮಲೆನಾಡುಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿಗೂ, ಬೆಟ್ಟು, ಮಜಲು, ಬೈಲು ಎಂಬ ಮೂರು ಬಗೆಯ ಗದ್ದೆಗಳಿಗೂ ಹೊಂದುವ ಬೇರೆ ಬೇರೆ ಭತ್ತಗಳಿದ್ದುವು. ಅತಿಕಾಯ, ಕಾಯಮೆ, ಗಂಧಸಾಲೆ, ಜೀರಿಗೆಸಾಲೆ ಮುಂತಾದ ಹೆಸರುಗಳು ಹಿರಿಯರ ನಾಲಗೆಯ ಮೇಲೆ ಇನ್ನೂ ಇವೆ. ಕುಮಟೆಯ ಅಘನಾಶಿನಿಯ ಅಳಿವೆಯಲ್ಲಿ ಸಮುದ್ರದ ಉಪ್ಪುನೀರು ನುಗ್ಗುವ ಗಜನಿ ಭೂಮಿಗಳಲ್ಲಿ ಕಗ್ಗವೆಂಬ ಭತ್ತವು ಗೊಬ್ಬರವಿಲ್ಲದೆ ಬೆಳೆಯುತ್ತದೆ. ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ. ಇಂಥ ಗುಣವು ಅನೇಕ ತಲೆಮಾರುಗಳ ಆಯ್ಕೆಯಿಂದ, ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯ ಆಯ್ಕೆಯಿಂದ ಬಂದುದು. ತುಂಬಿದ ತೆನೆಯನ್ನು ಗುರುತಿಸಿ ಬೇರೆಯಿಟ್ಟು, ಬಿಸಿಲಿಗೆ ಹಾಕಿ, ಹುಲ್ಲಿನ ಮುಡಿ ಕಟ್ಟಿ ಅಟ್ಟದಲ್ಲಿಟ್ಟವರು ಅವರು. ಗದ್ದೆ ತೋಟವಾಯಿತು, ತೋಟ ನಿವೇಶನವಾಯಿತು. ಮುಡಿ ಕಟ್ಟುವ ಕೈಗಳು ವಿರಳವಾದುವು.

ಹೊಸ ತಳಿಗಳನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1966ರಲ್ಲಿ ಐಆರ್-8 ಎಂಬ ಗಿಡ್ಡತಳಿಯನ್ನು ಹೊರತಂದ ಮೇಲೆ ಏಷ್ಯಾದ ಅನೇಕ ದೇಶಗಳಲ್ಲಿ ಇಳುವರಿ ಹೆಚ್ಚಿತು; ಹಸಿವು ನೀಗಿತು. ಆದರೆ ಒಂದೇ ಬಗೆಯ ಪೈರು ನಾಡೆಲ್ಲ ಹರಡಿದಾಗ ಒಂದೇ ರೋಗವು ನಾಡೆಲ್ಲ ಹರಡುತ್ತದೆ. ಪೈರನ್ನು ಕುಬ್ಜಗೊಳಿಸುವ ಒಂದು ವೈರಸ್ ರೋಗ ಕಾಣಿಸಿಕೊಂಡಾಗ ಅದೇ ಸಂಸ್ಥೆಯ ವಿಜ್ಞಾನಿಗಳು 6,000ಕ್ಕೂ ಮಿಕ್ಕಿದ ಮಾದರಿಗಳನ್ನು ಪರೀಕ್ಷಿಸಿದರು. ರೋಗವನ್ನು ತಡೆಯುವ ಗುಣ ದೊರೆತುದು ನಮ್ಮ ಉತ್ತರ ಪ್ರದೇಶದ ಒಂದು ಕಾಡುಭತ್ತದಲ್ಲಿ. ಒಡಿಶಾದ ರೈತರು ಬೆಳೆಯುತ್ತಿದ್ದ ಢಾಲಪುಟಿಯಾ ಎಂಬ ತಳಿಯಿಂದ ಆಯ್ದ ಭತ್ತದಲ್ಲಿ ಎರಡು ವಾರ ನೀರಿನಲ್ಲಿ ಮುಳುಗಿದರೂ ಬದುಕುವ ಗುಣವಿತ್ತು. ಆ ಗುಣವನ್ನು ಸೇರಿಸಿದ ಸ್ವರ್ಣ ಭತ್ತವು 2009ರಲ್ಲಿ ಬಿಡುಗಡೆಯಾಗಿ ನೆರೆಪೀಡಿತ ರೈತರಿಗೆ ಆಸರೆಯಾಯಿತು. ಹೊಸ ಬೀಜಕ್ಕೂ ಹಳೆಯ ಬೀಜವೇ ತಾಯಿ. ತಾಯಿಬೇರನ್ನು ಕಳೆದುಕೊಂಡು ಕಣಜದ ಯಾವುದೋ ಐದು ಕಾಳುಗಳನ್ನು ತಂದರೆ ಧನ್ಯನ ಪ್ರಶ್ನೆಗೆ ನಾವೇನು ಹೇಳಬಲ್ಲೆವು?

ಭೋಗವತಿಯ ದಾರಿಯೂ ನಮಗೆ ಅಪರಿಚಿತವಲ್ಲ. ಬೀಜವನ್ನು ಒಂದು ಬೆಳೆಗೆ ಉಪಯೋಗಿಸಿ ಮುಗಿಸುವುದು, ಮರುವರ್ಷ ಮತ್ತೆ ಕೊಳ್ಳುವುದು ಇಂದಿನ ರೂಢಿ. ಸಂಕರ ಬೀಜಗಳಲ್ಲಿ ಇದು ಅನಿವಾರ್ಯವೂ ಹೌದು. ಅವುಗಳ ಮುಂದಿನ ಪೀಳಿಗೆಯು ಏಕರೂಪವಾಗಿ ಬಾರದೆ ಚೆದರಿಹೋಗುತ್ತದೆ. ಮುಸುಕಿನ ಜೋಳ ಮತ್ತು ತರಕಾರಿಗಳಲ್ಲಿ ಸಂಕರ ಬೀಜಗಳು ವ್ಯಾಪಕವಾಗಿವೆ. ಭತ್ತ, ಗೋಧಿ, ರಾಗಿ, ಹೆಸರು, ಉದ್ದುಗಳ ಸ್ಥಿತಿ ಬೇರೆ. ಅವು ಬಹುಮಟ್ಟಿಗೆ ಸ್ವಪರಾಗಸ್ಪರ್ಶದಿಂದ ಕಾಳುಕಟ್ಟುವುದರಿಂದ, ಎಚ್ಚರವಿದ್ದರೆ ರೈತನ ಮನೆಯಲ್ಲಿಯೇ ತಳಿಯು ಶುದ್ಧವಾಗಿ ಉಳಿಯುತ್ತದೆ. ಈ ಸ್ವಾತಂತ್ರ್ಯವು ಪ್ರಕೃತಿಯೇ ಕೊಟ್ಟ ವರ.

ಇನ್ನು ರಕ್ಷಿಕೆಯ ಕಾರ್ಯ. ಇದನ್ನು ಲಘುವಾಗಿ ಕಾಣಬಾರದು. ನವದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಬೀಜಭಂಡಾರದಲ್ಲಿ 4 ಲಕ್ಷಕ್ಕೂ ಹೆಚ್ಚಿನ ಮಾದರಿಗಳನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾಪಾಡಲಾಗಿದೆ. 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಹಿಮಗುಡ್ಡದೊಳಗೆ ಜಗತ್ತಿನ ಬೀಜಗಳಿಗಾಗಿ ಭಂಡಾರವೊಂದನ್ನು ತೆರೆದರು. ಎರಡನೆಯ ಮಹಾಯುದ್ಧದಲ್ಲಿ, 1941ರ ಸೆಪ್ಟೆಂಬರಿನಿಂದ 1944ರ ಜನವರಿಯವರೆಗೆ, ಲೆನಿನ್‌ಗ್ರಾಡ್ ನಗರವು ಶತ್ರುಗಳ ಮುತ್ತಿಗೆಯಲ್ಲಿ ಸಿಕ್ಕಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ವಾವಿಲೋವ್ ಎಂಬ ವಿಜ್ಞಾನಿ ಜಗತ್ತನ್ನೆಲ್ಲ ಸುತ್ತಿ ಕೂಡಿಹಾಕಿದ್ದ ಬೀಜಗಳು ಆ ನಗರದಲ್ಲಿದ್ದುವು. ಅವನ್ನು ಕಾಯುತ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಧಾನ್ಯದ ಪೊಟ್ಟಣಗಳ ನಡುವೆಯೇ ಹಸಿದು ಪ್ರಾಣಬಿಟ್ಟರೇ ಹೊರತು ಬಿತ್ತನೆಯ ಬೀಜವನ್ನು ಬೇಯಿಸಿ ತಿನ್ನಲಿಲ್ಲ. ಅಸ್ತೇಯವನ್ನೂ ಅಪರಿಗ್ರಹವನ್ನೂ ಶಾಸ್ತ್ರದಲ್ಲಿ ಓದದವರು ಅವನ್ನು ಬಾಳಿ ತೋರಿಸಿದರು.

ಆದರೂ ಪೆಟ್ಟಿಗೆಯಲ್ಲಿಟ್ಟ ಬೀಜವು ಇಟ್ಟಂತೆಯೇ ಇರುತ್ತದೆ. ಗದ್ದೆಯಲ್ಲಿರುವ ಬೀಜವು ಬದಲಾಗುವ ಮಳೆ, ಹೊಸ ಕೀಟ, ಹೊಸ ರೋಗಗಳೊಡನೆ ವರ್ಷವರ್ಷವೂ ಹೆಣಗುತ್ತ ಬಲಗೊಳ್ಳುತ್ತದೆ. ಇದಕ್ಕೆ ನಮ್ಮ ಮನೆಯದೇ ಒಂದು ನಿದರ್ಶನವನ್ನು ಕೊಡುತ್ತೇನೆ. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲಿ ಮಾತ್ರ ಉಳಿದಿದ್ದುವು. ಭಕ್ತರು ದೂರದಿಂದ ಬಂದು ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಅವನ್ನು ಕಾಪಾಡಿದವರಿಗೆ ನಾವು ಚಿರಋಣಿಗಳು. ಅವರಿಲ್ಲದಿದ್ದರೆ ಏನೂ ಉಳಿಯುತ್ತಿರಲಿಲ್ಲ. ಆದರೆ ಓಲೆಗಳು ಪ್ರತಿಯಾಗಿ, 1939ರಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ಪ್ರಥಮ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮುದ್ರಣಗೊಂಡು, ಮುಂದೆ 16 ಸಂಪುಟಗಳು ಪೂರ್ಣವಾದ ಮೇಲೆಯೇ ಆ ಜ್ಞಾನವು ನಾಡಿನ ಸ್ವಾಧ್ಯಾಯಕ್ಕೆ ಒದಗಿತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದರ ಮರ್ಮವೂ ಇದೇ. ಒಂದೇ ಕಡೆ ಇರುವುದು ಒಂದೇ ಬೆಂಕಿಗೆ ಆಹುತಿಯಾಗಬಹುದು. ಸಾವಿರ ಮನೆಗಳಿಗೆ ಹಂಚಿದುದನ್ನು ಯಾವ ಬೆಂಕಿಯೂ ಒಮ್ಮೆಗೇ ಸುಡಲಾರದು. ಗ್ರಂಥಕ್ಕೆ ಸಲ್ಲುವ ಈ ಮಾತು ಬೀಜಕ್ಕೂ ಸಲ್ಲುತ್ತದೆ.

ರೋಹಿಣಿಯಂಥವರು ನಮ್ಮ ನಡುವೆಯೇ ಇದ್ದಾರೆ. ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯ ಶ್ರೀ ಸತ್ಯನಾರಾಯಣ ಬೇಳೇರಿಯವರು ಭತ್ತದ ವಿಶಾಲ ಗದ್ದೆಗಳಿಲ್ಲದಿದ್ದರೂ ಚೀಲಗಳಲ್ಲಿ ಮಣ್ಣು ತುಂಬಿ ಬಿತ್ತಿ 650ಕ್ಕೂ ಹೆಚ್ಚಿನ ಭತ್ತದ ತಳಿಗಳನ್ನು ಉಳಿಸಿದರು. ರಾಜಕಾಯಮೆಯನ್ನು ರೈತರಿಗೆ ಮತ್ತೆ ಪರಿಚಯಿಸಿದ ಅವರಿಗೆ 2024ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಬೆಳ್ತಂಗಡಿ ತಾಲೂಕು ಮಿತ್ತಬಾಗಿಲಿನ ಶ್ರೀ ಬಿ. ಕೆ. ದೇವರಾಯರು ನೂರಕ್ಕೂ ಮಿಕ್ಕಿದ ತಳಿಗಳನ್ನು ಗದ್ದೆಯಲ್ಲಿಯೇ ಕಾಪಾಡಿಕೊಂಡು ಬಂದರು. ಮಂಡ್ಯ ಜಿಲ್ಲೆ ಮಳವಳ್ಳಿ ತಾಲೂಕು ಕಿರುಗಾವಲಿನ ಶ್ರೀ ಸೈಯದ್ ಘನಿ ಖಾನರು ನೂರಾರು ಭತ್ತದ ತಳಿಗಳನ್ನೂ ಹಳೆಯ ಮಾವಿನ ತಳಿಗಳನ್ನೂ ಉಳಿಸಿ, ಭತ್ತಕ್ಕಾಗಿ ಒಂದು ಸಂಗ್ರಹಾಲಯವನ್ನೇ ಮಾಡಿದರು. ಮತಗಳು ಬೇರೆಯಾದರೂ ಧರ್ಮ ಒಂದೇ.

ಇವರು ಮಾಡಿದುದನ್ನು ಮಾಡುವ ಹಕ್ಕು ಪ್ರತಿಯೊಬ್ಬ ರೈತನಿಗೂ ಉಂಟೆಂಬುದನ್ನು ನಾವು ತಿಳಿದಿರಬೇಕು. ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವನ್ನು ಸಂಸತ್ತು 2001ರಲ್ಲಿ ಅಂಗೀಕರಿಸಿತು. 2005ರಲ್ಲಿ ಅದರ ಪ್ರಾಧಿಕಾರ ಸ್ಥಾಪನೆಯಾಯಿತು. ಹೊಸ ತಳಿಯನ್ನು ರೂಪಿಸಿದವರಿಗೆ, ಪೈರುಗಳಿಗಾದರೆ 15 ವರ್ಷ, ಮರ ಬಳ್ಳಿಗಳಿಗಾದರೆ 18 ವರ್ಷ ಒಡೆತನವನ್ನು ಅದು ಕೊಡುತ್ತದೆ. ಆದರೆ ಅದರ 39ನೆಯ ಪ್ರಕರಣದಂತೆ, ಹೀಗೆ ನೋಂದಾಯಿತವಾದ ತಳಿಯ ಬೀಜವನ್ನೂ ಸಹ ರೈತನು ಹಿಂದಿನಂತೆಯೇ ಉಳಿಸಬಹುದು, ಬಿತ್ತಬಹುದು, ಮರಳಿ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ಬ್ರಾಂಡಿನ ಹೆಸರು ಹಚ್ಚಿ ಮಾರಬಾರದೆಂಬುದೊಂದೇ ನಿರ್ಬಂಧ. ಕೊಂಡ ಬೀಜವು ಹೇಳಿದಂತೆ ಫಲ ಕೊಡದಿದ್ದರೆ ಪರಿಹಾರ ಕೇಳುವ ಹಕ್ಕೂ, ರೈತರು ಕಾಪಾಡಿದ ತಳಿಯನ್ನು ಶುಲ್ಕವಿಲ್ಲದೆ ಅವರ ಹೆಸರಿನಲ್ಲಿ ನೋಂದಾಯಿಸುವ ಹಕ್ಕೂ ಅದರಲ್ಲಿವೆ. 2018ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಅಂಗೀಕರಿಸಿದ ರೈತರ ಹಕ್ಕುಗಳ ಘೋಷಣೆಯೂ ಬೀಜದ ಹಕ್ಕನ್ನು ಎತ್ತಿಹಿಡಿದಿದೆ.

ಕಾನೂನು ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. 2019ರಲ್ಲಿ ಗುಜರಾತಿನಲ್ಲಿ ಪೆಪ್ಸಿಕೋ ಕಂಪನಿಯು ತಾನು ನೋಂದಾಯಿಸಿದ ಆಲೂಗಡ್ಡೆಯ ತಳಿಯನ್ನು ಬೆಳೆದರೆಂದು ರೈತರ ಮೇಲೆ ದಾವೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚಿನ ಪರಿಹಾರವನ್ನು ಬೇಡಿತು. ದೇಶದಲ್ಲಿ ವಿರೋಧ ಎದ್ದ ಮೇಲೆ ದಾವೆಗಳನ್ನು ಹಿಂತೆಗೆದುಕೊಂಡಿತು. 2021ರಲ್ಲಿ ಪ್ರಾಧಿಕಾರವು ಆ ನೋಂದಣಿಯನ್ನು ರದ್ದುಪಡಿಸಿತು. 2024ರ ಜನವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ರದ್ದತಿಯ ಆದೇಶವನ್ನು ತಳ್ಳಿಹಾಕಿತು. ಆಲೂಗಡ್ಡೆಯು ನಮ್ಮ ವ್ರತಿಕರು ವರ್ಜಿಸುವ ಕಂದಮೂಲವಾದರೂ ಇಲ್ಲಿಯ ಪ್ರಶ್ನೆ ನಮಗೆ ವರ್ಜ್ಯವಲ್ಲ. ಬಳಸದ ಹಕ್ಕು ಬಿತ್ತದ ಬೀಜದಂತೆ. ಕಾಲಕ್ರಮದಲ್ಲಿ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಉಳಿಸಲು ಹಕ್ಕಿದ್ದರೂ ಮನೆಯಲ್ಲಿ ಉಳಿಸಲು ಯೋಗ್ಯವಾದ ಬೀಜವೇ ಇಲ್ಲದಿದ್ದರೆ ಆ ಹಕ್ಕಿನಿಂದ ಪ್ರಯೋಜನವೇನು?

ರೋಹಿಣಿಯ ಕೈಯಲ್ಲಿದ್ದ ಕಾಳುಗಳು ಅವಳ ಸ್ವತ್ತಾಗಿರಲಿಲ್ಲ. ನಂಬಿ ಒಪ್ಪಿಸಿದ ನ್ಯಾಸವಾಗಿದ್ದುವು. ನಮ್ಮ ಬೀಜಗಳೂ ಹಿಂದಿನವರು ಮುಂದಿನವರಿಗಾಗಿ ನಮ್ಮಲ್ಲಿಟ್ಟ ನ್ಯಾಸ. ಇದು ನನ್ನದು, ಪರರು ಮುಟ್ಟಬಾರದು ಎಂಬ ಪರಿಗ್ರಹಬುದ್ಧಿ ಇಲ್ಲಿ ಸಲ್ಲದು. ಯಾರದಾದರೂ ಆಗಲಿ, ನನಗೇನು ಎಂಬ ಪ್ರಮಾದವೂ ಸಲ್ಲದು. ಜೀವರು ಒಬ್ಬರಿಗೊಬ್ಬರು ಉಪಕಾರಿಗಳಾಗಿರುವರೆಂದು ಉಮಾಸ್ವಾಮಿಗಳು ಬೋಧಿಸಿದುದರ ನಿತ್ಯದರ್ಶನ ಬೇಕಾದರೆ ನೆರೆಮನೆಯವರಿಂದ ಒಂದು ಸೇರು ಬೀಜ ತಂದು ಮರುವರ್ಷ ಹಿಂದಿರುಗಿಸುವ ರೈತನನ್ನು ನೋಡಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಿಗೆ ಐದನೆಯದೊಂದನ್ನು ಸೇರಿಸುವ ಅಧಿಕಾರ ನನಗಿಲ್ಲ, ಅಗತ್ಯವೂ ಇಲ್ಲ. ಬೀಜದಾನವು ಆಹಾರದಾನದೊಳಗೇ ಅಡಗಿದೆ. ಅನ್ನವನ್ನು ಕೊಟ್ಟರೆ ಒಂದು ಹೊತ್ತಿನ ಹಸಿವು ಹಿಂಗುತ್ತದೆ. ಬೀಜವನ್ನು ಕೊಟ್ಟರೆ ಮುಂದಿನ ವರ್ಷಗಳ ಹಸಿವು ಹಿಂಗುತ್ತದೆ.

ಕಾರ್ಯರೂಪದ ಮೂರು ಸಲಹೆಗಳನ್ನು ವಿನಯದಿಂದ ಸಭೆಯ ಮುಂದಿಡುತ್ತೇನೆ. ಒಂದನೆಯದು, ಹಿಂದೆ ಬಸದಿಗಳ ಅಕ್ಷತೆ ನೈವೇದ್ಯಗಳಿಗೆ ಉಂಬಳಿಯ ಗದ್ದೆಗಳಿಂದ ಅಕ್ಕಿ ಬರುತ್ತಿತ್ತು. 1974ರ ಭೂಸುಧಾರಣೆಯ ತರುವಾಯ ಗೇಣಿಯ ಗದ್ದೆಗಳು ಉಳುವವರ ಪಾಲಾದುವು. ಅದು ನ್ಯಾಯವೇ ಆಯಿತು. ಆದರೂ ನಮ್ಮಲ್ಲಿ ಭೂಮಿಯಿರುವವರು ಒಂದೆರಡು ಸೆಂಟ್ಸ್ ಜಾಗದಲ್ಲಿ ಒಂದು ಮನೆಗೆ ಒಂದು ತಳಿಯಂತೆ ಊರಿನ ಭತ್ತವನ್ನು ಬೆಳೆದರೆ ಮೂವತ್ತು ಮನೆಗಳಲ್ಲಿ ಮೂವತ್ತು ತಳಿಗಳು ಉಳಿಯುತ್ತವೆ. ಬಸದಿಯ ಅಕ್ಷತೆಗೂ ಹೆಸರುಳ್ಳ ಅಕ್ಕಿ ದೊರೆಯುತ್ತದೆ. ಎರಡನೆಯದು, ಅಕ್ಷಯ ತೃತೀಯೆಯಂದು ಶ್ರೇಯಾಂಸನು ಆದಿನಾಥರಿಗೆ ಇಕ್ಷುರಸದ ಆಹಾರವನ್ನಿತ್ತ ಪುಣ್ಯದಿನವನ್ನು ಆಚರಿಸುತ್ತೇವೆ. ಅದು ಬರುವುದು ಏಣೆಲಿನ ಬಿತ್ತನೆಗೆ ಮುನ್ನ. ಅಂದು ಬಸದಿಯ ಅಂಗಳದಲ್ಲಿ, ಜಾತಿಮತಗಳನ್ನೆಣಿಸದೆ ಊರಿನ ಎಲ್ಲ ರೈತರನ್ನೂ ಕರೆದು ಬೀಜಗಳ ವಿನಿಮಯವನ್ನು ನಡೆಸೋಣ. ಮೂರನೆಯದು, ನಮ್ಮ ಪಾಠಶಾಲೆಯ ಮಕ್ಕಳು ತಮ್ಮ ಮನೆಯ ಹಿರಿಯರನ್ನು, ಅದರಲ್ಲಿಯೂ ಅಜ್ಜಿಯರನ್ನು ಕೇಳಿ, ಊರಿನ ಧಾನ್ಯಗಳ ಹೆಸರು, ಗುಣ, ಬಿತ್ತುವ ಕಾಲ, ಕಾಪಿಡುವ ಕ್ರಮಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ವರ್ತಕರಾದ ಬಂಧುಗಳು ಈ ಅಕ್ಕಿಗೆ ಯೋಗ್ಯವಾದ ಬೆಲೆಯನ್ನು ಕೊಟ್ಟು ಕೊಂಡರೆ ಬೆಳೆಯುವವನು ಮುಂದಿನ ವರ್ಷವೂ ಬೆಳೆಯುತ್ತಾನೆ.

ಶಿಲೆಯಲ್ಲಿ ಕಟ್ಟಿದ ಬಸದಿಯು ಕಾಲಕಾಲಕ್ಕೆ ಜೀರ್ಣೋದ್ಧಾರವನ್ನು ಬೇಡುತ್ತದೆ. ನೂರು ವರ್ಷ ತಡವಾದರೂ ಅದನ್ನು ಮತ್ತೆ ಕಟ್ಟಬಹುದು. ಬೀಜವು ವರ್ಷವರ್ಷವೂ ಜೀರ್ಣೋದ್ಧಾರವನ್ನು ಬೇಡುತ್ತದೆ. ಅದರ ಕಾಲ ತಪ್ಪಿದರೆ ಯಾವ ಶಿಲ್ಪಿಯೂ ಅದನ್ನು ಮತ್ತೆ ಕಡೆಯಲಾರ. ಇಂದಿನ ಉತ್ಸವ ಮುಗಿದ ಮೇಲೂ ಪಾಲಿಕೆಯ ಮೊಳಕೆಗಳ ನೆನಪು ನಮ್ಮಲ್ಲಿ ಉಳಿಯಲಿ; ಬರುವ ಮಳೆಗಾಲದಲ್ಲಿ ನಮ್ಮ ಗದ್ದೆಗಳಲ್ಲಿ ಅದು ಪೈರಾಗಲಿ.

 ಸರ್ವ ಜೀವರಿಗೂ ಮಂಗಲವಾಗಲಿ. ಜೈ ಜಿನೇಂದ್ರ.